ಮಾಲ್‌ಪ್ರಾಕ್ಟೀಸ್ ಕಮಿಟಿ ಮುಂದೆ ಹೋಗುವ ಮೊದಲು ನಾನು ಮಾಡಿದ್ದು

ಧಾರವಾಡದಲ್ಲಿ ಎಂ.ಕಾಂ. ಓದುವಾಗ ನನ್ನ ಮೇಲೆ ಕಾಪಿ ಹೊಡೆದ ಆರೋಪ ಬಂತು. ಮಧ್ಯಾಹ್ನದ ಪೇಪರ್ ನಡೆದಿತ್ತು. ಕಾಪಿ ಹಿಡಿಯಲು ಬರುವ ಸ್ಕ್ವಾಡ್‌ನವರು ಬಂದು ನೋಡಿದಾಗ ನನ್ನ ಡೆಸ್ಕ್‌ನ ಗೂಡಿನಲ್ಲಿ ಒಂದು ಚೀಟಿ ಸಿಕ್ಕಿತು. ಚೀಟಿ ನನ್ನದಲ್ಲ, ಆದರೆ ಕೂತವಳು ನಾನು. ಉತ್ತರ ಪತ್ರಿಕೆ ತೆಗೆದುಕೊಂಡು, ವರದಿ ಬರೆದು, ಸಹಿ ಮಾಡು ಅಂದರು.

ಇಲ್ಲಿ ಒಂದು ಮಾತು. ಸಹಿ ಮಾಡೋದಿಲ್ಲ ಎಂದು ಹಟ ಹಿಡಿದರೆ ‘ಸಹಕರಿಸಲಿಲ್ಲ’ ಎಂದು ಬರೆಯುತ್ತಾರೆ. ಸುಮ್ನೆ ಸಹಿ ಹಾಕಿದರೆ ಒಪ್ಪಿಕೊಂಡ ಹಾಗೆ. ನಾನು ಸಹಿಯ ಮೇಲೆ ಒಂದು ಸಾಲು ಬರೆದೆ: ‘ಈ ಚೀಟಿ ನನ್ನದಲ್ಲ. ನನ್ನ ಕೈಯಲ್ಲಿ ಸಿಕ್ಕಿದ್ದಲ್ಲ, ಡೆಸ್ಕ್‌ನ ಗೂಡಿನಲ್ಲಿ ಸಿಕ್ಕಿದ್ದು.’ ಮುಂದೆ ಈ ಸಾಲೇ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು.

ಸಪ್ತಾಪುರದ ಪಿಜಿಗೆ ಬಂದವಳೇ ನಡೆದದ್ದನ್ನೆಲ್ಲ ಬರೆದಿಟ್ಟೆ. ಎಷ್ಟು ಗಂಟೆಗೆ ಬಂದರು, ಯಾರು ಚೀಟಿ ತೆಗೆದರು, ನಾನಾಗ ಎಷ್ಟನೇ ಪ್ರಶ್ನೆ ಬರೆಯುತ್ತಿದ್ದೆ, ಅಕ್ಕಪಕ್ಕ ಯಾವ ನಂಬರಿನವರು ಇದ್ದರು. ಮರುದಿನ ಬೆಳಿಗ್ಗೆ ಪರೀಕ್ಷಾ ಕೇಂದ್ರಕ್ಕೆ ಹೋಗಿ, ಗೋಡೆಗೆ ಅಂಟಿಸಿದ್ದ ಸೀಟಿಂಗ್ ಚಾರ್ಟ್‌ನ ಫೋಟೋ ತೆಗೆದುಕೊಂಡೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಹರಿದು ಹಾಕುತ್ತಾರೆ, ಆಮೇಲೆ ಯಾರನ್ನು ಕೇಳೋದು? ಅದೇ ಕೋಣೆಯಲ್ಲಿ ಬೆಳಿಗ್ಗೆ ಡಿಗ್ರಿಯವರ ಪರೀಕ್ಷೆ ಇತ್ತು ಎನ್ನುವುದು ಆ ಫೋಟೋದಲ್ಲೇ ಇತ್ತು.

ಅಪ್ಪ ಬ್ಯಾಡಗಿಯಿಂದ ಫೋನ್ ಮಾಡಿದರು. ಮೆಣಸಿನಕಾಯಿ ಸೀಸನ್ನು, ಬಿಟ್ಟು ಬರುವ ಹಾಗಿರಲಿಲ್ಲ. “ಯಾರರ ದೊಡ್ಡವರ ಕಡಿಂದ ಒಂದು ಮಾತು ಹೇಳಸೋಣೇನವಾ?” ಅಂದರು. “ಬ್ಯಾಡಪ್ಪಾ, ಮೊದಲ ಕಾಗದ ನೋಡೋಣು” ಅಂದೆ. ನಮ್ಮ ಕಡೆ ವಶೀಲಿ ಅಂದರೆ ಕೆಟ್ಟದ್ದು ಅಂತ ಯಾರೂ ತಿಳಿಯುವುದಿಲ್ಲ, ಅದೂ ಪ್ರೀತಿಯೇ. ಆದರೆ ತಪ್ಪು ಮಾಡದವಳ ಪರವಾಗಿ ಫೋನ್ ಹೋದರೆ, ಏನೋ ಮಾಡಿರಬೇಕು ಅಂತಲೇ ಇಂಥ ಆರೋಪಗಳ ವಿಚಾರಣೆ ಮಾಡುವ ಮಾಲ್‌ಪ್ರಾಕ್ಟೀಸ್ ಕಮಿಟಿಯವರು ಅಂದುಕೊಳ್ಳುತ್ತಾರೆ. ‘ತಪ್ಪಾಯಿತು ಅಂದ್ಬಿಡು, ಒಂದು ಪೇಪರ್ ಹೋದರೆ ಹೋಗಲಿ’ ಎಂದು ಹೇಳಿದವರೂ ಇದ್ದರು. ಮಾಡದ್ದನ್ನು ಒಪ್ಪಿಕೊಂಡು ಕಾಗದ ಕೊಟ್ಟರೆ, ಅದು ನಮ್ಮ ಫೈಲಿನಲ್ಲೇ ಉಳಿಯುತ್ತದೆ. ಮತ್ತೆ ಶಿಕ್ಷೆ ಒಂದೇ ಪೇಪರಿಗೆ ನಿಲ್ಲುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಇಡೀ ಸೆಮಿಸ್ಟರ್ ರದ್ದಾಗಬಹುದು, ಡಿಬಾರ್ ಕೂಡ ಆಗಬಹುದು, ಅಂದರೆ ಮುಂದಿನ ಪರೀಕ್ಷೆಗಳಿಗೂ ಕೂರಿಸದಿರಬಹುದು.

ನಿನ್ನ ಮೇಲೆ ಯಾಕೆ ಕ್ರಮ ಕೈಗೊಳ್ಳಬಾರದು ಎಂದು ಕೇಳುವ ಶೋಕಾಸ್ ನೋಟಿಸ್ ಬಂದಾಗ ಅದರಲ್ಲಿ ‘ಪರೀಕ್ಷಾ ಅಕ್ರಮ’ ಅಂತಷ್ಟೇ ಇತ್ತು. ಯಾವ ನಿಯಮ, ಯಾವ ಸಾಕ್ಷಿ, ಒಂದೂ ಇಲ್ಲ. ಹುಬ್ಬಳ್ಳಿ ನವನಗರದ ಕಾನೂನು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಗೆಳತಿಗೆ ತೋರಿಸಿದೆ. ಅವಳು ಮೊದಲು ಹೇಳಿದ್ದು 1968ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಕೇರಳದ ಒಬ್ಬ ವಿದ್ಯಾರ್ಥಿಯ ಕೇಸು. ಅದೂ ಪರೀಕ್ಷೆಯ ಗೊಂದಲವೇ. ವಿಚಾರಣಾ ವರದಿಯ ಪ್ರತಿ ತನಗೆ ಕೊಡಲಿಲ್ಲ ಎಂದು ಆತ ದೂರಿದ್ದ. ಬೇಕಿದ್ದರೆ ನೀನೇ ಕೇಳಬಹುದಿತ್ತಲ್ಲ, ಕೇಳದೆ ಈಗ ದೂರಿದರೆ ಹೇಗೆ ಎಂಬರ್ಥದಲ್ಲಿ ಕೋರ್ಟ್ ಹೇಳಿ, ಅವನ ವಾದ ಒಪ್ಪಲಿಲ್ಲ. ಇದನ್ನು ಕೇಳಿದ ಮೇಲೆ ನನಗೆ ದಾರಿ ಸ್ಪಷ್ಟವಾಯಿತು. ಮೊದಲು ಕೇಳಬೇಕು, ಬರವಣಿಗೆಯಲ್ಲಿ ಕೇಳಬೇಕು.

ಮೌಲ್ಯಮಾಪನ ಕುಲಸಚಿವರಿಗೆ ಒಂದು ಅರ್ಜಿ ಬರೆದೆ. ಸ್ಕ್ವಾಡ್ ವರದಿ, ಚೀಟಿಯ ಜೆರಾಕ್ಸ್, ನನ್ನ ಉತ್ತರ ಪತ್ರಿಕೆಯ ಪ್ರತಿ, ನನ್ನ ಮೇಲೆ ಹಚ್ಚಿದ ನಿಯಮ, ಇಷ್ಟನ್ನು ಕೊಡಿ. ಕೊಟ್ಟ ಮೇಲೆ ಉತ್ತರಿಸಲು ಸಮಯ ಕೊಡಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಅರ್ಜಿ ತಲುಪಿದೆ ಎನ್ನುವ ಇನ್‌ವರ್ಡ್ ಸೀಲು ಹಾಕಿಸಿಕೊಂಡೆ. ಸೀಲು ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳುವ ದಾರಿಯೂ ಇದೆ. ಉತ್ತರ ಪತ್ರಿಕೆಯನ್ನು ವಿದ್ಯಾರ್ಥಿ ನೋಡಬಹುದು ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅವರಿಗೆ 30 ದಿನ ಸಮಯ ಇರುತ್ತದೆ, ಹಿಯರಿಂಗ್ ಅದಕ್ಕೂ ಮೊದಲೇ ಬಂದುಬಿಡಬಹುದು. ಅದಕ್ಕೇ ನೇರವಾಗಿ ಕೇಳುವುದು ಮೊದಲು.

ಜೆರಾಕ್ಸ್ ಕೈಗೆ ಬಂದಾಗ ನಿಜವಾದ ಕೆಲಸ ಶುರುವಾಯಿತು. ಚೀಟಿಯಲ್ಲಿ ಮಾರ್ಜಿನಲ್ ಕಾಸ್ಟಿಂಗ್‌ನ ಸೂತ್ರಗಳಿದ್ದವು, ಅದು ಕಾಸ್ಟ್ ಅಕೌಂಟಿಂಗ್‌ನ ಒಂದು ಪಾಠ. ನನ್ನ ಪ್ರಶ್ನೆ ಪತ್ರಿಕೆಯಲ್ಲೂ ಆ ಪ್ರಶ್ನೆ ಇತ್ತು, ಇದೇ ನನಗೆ ಭಯ. ಆದರೆ ಅದು ಚಾಯ್ಸ್‌ನಲ್ಲಿತ್ತು, ನಾನು ಅದನ್ನು ಮುಟ್ಟಿಯೇ ಇರಲಿಲ್ಲ. ಸ್ಕ್ವಾಡ್ ಬರುವ ಹೊತ್ತಿಗೆ ಅದರ ಬದಲಿನ ಪ್ರಶ್ನೆಯನ್ನು ಪೂರ್ತಿ ಬರೆದು ಮುಗಿಸಿದ್ದೆ. ಬೆಳಿಗ್ಗೆ ಆ ಕೋಣೆಯಲ್ಲಿ ನಡೆದದ್ದು ಡಿಗ್ರಿಯವರ ಕಾಸ್ಟ್ ಅಕೌಂಟಿಂಗ್ ಪೇಪರ್. ಕೈಬರಹ ನೋಡಿದರೂ ಗೊತ್ತಾಗುತ್ತಿತ್ತು: ಚೀಟಿಯ ಅಂಕಿಗಳು ಬಲಕ್ಕೆ ವಾಲಿವೆ, ನನ್ನವು ನೇರ.

ಇವನ್ನೇ ಹೇಳಿಕೆಯಲ್ಲಿ ಒಂದರ ಕೆಳಗೆ ಒಂದು ಬರೆದೆ. ಪ್ರತಿ ಮಾತಿನ ಎದುರಿಗೆ ಯಾವ ಕಾಗದ ನೋಡಬೇಕು ಎಂದು ನಂಬರ್ ಹಾಕಿದೆ. ನನ್ನ ಹಿಂದಿನ ಅಂಕಗಳು, ಮನೆಯ ಕಷ್ಟ, ಸೂಪರ್‌ವೈಸರ್ ಮೇಲಿನ ಸಿಟ್ಟು, ಇವು ಮೊದಲ ಕರಡಿನಲ್ಲಿದ್ದವು. ಗೆಳತಿ ಎಲ್ಲ ಹೊಡೆದು ಹಾಕಿದಳು. ಎರಡು ಪುಟದೊಳಗೆ ನಿಂತಿತು. ಕಮಿಟಿಯವರ ಮುಂದೆ ಆ ದಿನ ಹತ್ತಾರು ಹುಡುಗರು ಇರುತ್ತಾರೆ, ಉದ್ದ ಬರೆದರೆ ಓದುವವರು ಯಾರು?

ಆಮೇಲೆ ಅವಳೇ ಕಮಿಟಿಯವಳಾಗಿ ಕೂತು ಬಿರುಸಾಗಿ ಕೇಳಿದಳು. ‘ನಿಂದಲ್ಲ ಅಂದ್ರ ಯಾರದು ಹೇಳು?’ ಈ ಪ್ರಶ್ನೆಗೆ ಯಾರದೋ ಹೆಸರು ಬಾಯಿಗೆ ಬರುವುದು ಬಹಳ ಸುಲಭ. ಹೇಳಬಾರದು. ‘ಗೊತ್ತಿಲ್ಲರಿ ಸರ್. ಬೆಳಿಗ್ಗೆ ಅದೇ ಬೆಂಚಿನಲ್ಲಿ ಬೇರೆ ಪರೀಕ್ಷೆ ಇತ್ತು, ಚಾರ್ಟ್ ಮೂರನೇ ಪುಟದಲ್ಲಿದೆ.’ ಗೊತ್ತಿದ್ದಷ್ಟು ಹೇಳಿ ನಿಲ್ಲುವುದನ್ನು ನಾನು ಅಭ್ಯಾಸ ಮಾಡಿದೆ.

ಕಮಿಟಿ ಅಂದರೆ ಕೋರ್ಟಲ್ಲ. ವಿದ್ಯಾರ್ಥಿಯ ಮಾತು ಕೇಳದೆ ಫಲಿತಾಂಶ ರದ್ದು ಮಾಡುವಂತಿಲ್ಲ ಎಂದು ಉತ್ತರ ಪ್ರದೇಶದ ಮೂವರು ವಿದ್ಯಾರ್ಥಿಗಳ ಕೇಸಿನಲ್ಲಿ 1962ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಸಾಕ್ಷಿಗಳನ್ನು ಎದುರು ನಿಲ್ಲಿಸಿ ಪ್ರಶ್ನೆ ಕೇಳುವ ಹಕ್ಕು ಎಲ್ಲ ಸಂದರ್ಭದಲ್ಲೂ ಇಲ್ಲ ಎಂದು 1973ರಲ್ಲಿ ರಾಂಚಿಯ ಮೆಡಿಕಲ್ ಕಾಲೇಜಿನ ಕೇಸಿನಲ್ಲಿ ಹೇಳಿತು. ಹಾಗಾಗಿ ಸ್ಕ್ವಾಡ್‌ನವರನ್ನು ಕರೆಸಿ ಎಂದು ನಾನು ಪಟ್ಟು ಹಿಡಿಯಲಿಲ್ಲ. ಅವರ ವರದಿಯಲ್ಲೇ ‘ಗೂಡಿನಲ್ಲಿ’ ಎಂದಿದೆ, ನನ್ನ ಸಹಿಯ ಸಾಲೂ ಅದನ್ನೇ ಹೇಳುತ್ತದೆ ಎಂದು ತೋರಿಸಿದೆ. ಒಳಗಿದ್ದದ್ದು ಸ್ವಲ್ಪವೇ ಹೊತ್ತು. ಒಬ್ಬ ಮೇಡಂ ಎರಡೂ ಕೈಬರಹ ಪಕ್ಕಪಕ್ಕ ಇಟ್ಟು ಗಮನವಿಟ್ಟು ನೋಡಿದರು. ಹೊರಡುವಾಗ ‘ಆದೇಶ ಕಾರಣಗಳ ಸಮೇತ ಲಿಖಿತವಾಗಿ ಕೊಡಿರಿ’ ಎಂದು ಕೇಳಿಕೊಂಡೆ.

ಆದೇಶ ನನ್ನ ಪರವಾಗಿ ಬಂತು. ಬರದಿದ್ದರೆ ಧಾರವಾಡದಲ್ಲೇ ಹೈಕೋರ್ಟ್ ಪೀಠ ಇದೆ, 2013ರಿಂದ ಅದು ಕಾಯಂ ಪೀಠ. ಗದಗ, ಹಾವೇರಿಯವರೂ ಬೆಂಗಳೂರಿಗೆ ಓಡಬೇಕಿಲ್ಲ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಗೆದ್ದ ಮೇಲೂ ಆದೇಶದ ದೃಢೀಕೃತ ಪ್ರತಿ ಇಸಿದುಕೊಳ್ಳಿ. ಆದೇಶವಾದ ಮೇಲೂ ನನ್ನ ಫಲಿತಾಂಶ ‘ವಿತ್‌ಹೆಲ್ಡ್’ (ತಡೆಹಿಡಿದಿದೆ) ಎಂದೇ ತೋರಿಸುತ್ತಿತ್ತು. ಆ ಪ್ರತಿಯನ್ನು ಪರೀಕ್ಷಾ ವಿಭಾಗಕ್ಕೆ ಒಯ್ದು ತೋರಿಸಿದ ಮೇಲೆಯೇ ಮಾರ್ಕ್ಸ್ ಕಾರ್ಡ್ ಬಂತು.