ಅರ್ಜಿ ಬಂದ ಮೊದಲ ಐದು ದಿನ: ನಿಯಂತ್ರಣ ಸಂಸ್ಥೆಯ ಮಾಹಿತಿ ಅಧಿಕಾರಿ ಮಾಡಬೇಕಾದದ್ದು

ಮಾಹಿತಿ ಹಕ್ಕು ಕಾಯ್ದೆ, 2005 ಕೊಡುವ ಗಡುವು 30 ದಿನ ಎಂಬುದು ಎಲ್ಲ ಕಚೇರಿಗಳಲ್ಲೂ ಬಾಯಿಪಾಠ. ಆದರೆ ಮಾಲಿನ್ಯ ನಿಯಂತ್ರಣ ಮಂಡಳಿ, ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಇಂಥ ಕಡೆ ಅರ್ಜಿಯ ಹಣೆಬರಹ ಮೊದಲ ಐದು ದಿನದಲ್ಲೇ ತೀರ್ಮಾನವಾಗುತ್ತದೆ. ಬೇರೆ ಪ್ರಾಧಿಕಾರಕ್ಕೆ ಸೇರಿದ ಭಾಗವನ್ನು ಕಲಂ 6(3)ರಡಿ ವರ್ಗಾಯಿಸಲು ಇರುವುದು ಐದು ದಿನ. ಕಲಂ 11ರಡಿ ಮೂರನೇ ವ್ಯಕ್ತಿಗೆ, ಅಂದರೆ ಅರ್ಜಿದಾರರೂ ಅಲ್ಲದ ನಿಮ್ಮ ಕಚೇರಿಯೂ ಅಲ್ಲದವರಿಗೆ, ನೋಟಿಸ್ ಕೊಡಲು ಇರುವುದೂ ಐದೇ ದಿನ. ಇಲ್ಲಿನ ಕಡತದಲ್ಲಿ ಕಂಪನಿ ಕೊಟ್ಟ ಕಾಗದ, ದೂರುದಾರರ ಪತ್ರ, ತಪಾಸಣಾ ವರದಿ, ಕಚೇರಿ ಟಿಪ್ಪಣಿ ಎಲ್ಲವೂ ಒಟ್ಟಿಗೆ ಇರುವುದರಿಂದ ಈ ಎರಡೂ ಗಡುವುಗಳು ಪದೇ ಪದೇ ಎದುರಾಗುತ್ತವೆ.

ದಿನದ ಲೆಕ್ಕ ಶುರುವಾಗುವುದು ಟಪಾಲು ವಿಭಾಗದ ಮೊಹರಿನಿಂದ, ಅರ್ಜಿ ವಿಷಯ ನಿರ್ವಾಹಕರ ಮೇಜಿಗೆ ಬಂದ ದಿನದಿಂದ ಅಲ್ಲ. ಆದ್ದರಿಂದ ಮೊದಲ ದಿನವೇ ಕಡತದ ಹೊದಿಕೆಯ ಮೇಲೆ ಮೂರು ತಾರೀಖು ಬರೆಯಿರಿ: 5ನೇ ದಿನ, 30ನೇ ದಿನ, ಮೂರನೇ ವ್ಯಕ್ತಿಯ ನೋಟಿಸ್ ಇದ್ದರೆ ಬೇಕಾಗುವ 40ನೇ ದಿನ. ಸಹಾಯಕ ಮಾಹಿತಿ ಅಧಿಕಾರಿಯ ಮೂಲಕ ಬಂದಿದ್ದರೆ 30ಕ್ಕೆ ಐದು ಸೇರುತ್ತದೆ. ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಕೋರಿಕೆಯಾದರೆ ಈ ಲೆಕ್ಕ ಯಾವುದೂ ನಡೆಯದು, 48 ಗಂಟೆಯೊಳಗೆ ಉತ್ತರ ಹೋಗಬೇಕು.

ಎರಡನೇ ಕೆಲಸ, ಅರ್ಜಿಯನ್ನು ಬಿಡಿಸುವುದು. ‘ಈ ಕಾರ್ಖಾನೆಯ ಮೂರು ವರ್ಷದ ತಪಾಸಣಾ ವರದಿ, ಕೊಟ್ಟ ನೋಟಿಸು, ಬಂದ ದೂರುಗಳು, ಸಮ್ಮತಿ ಪತ್ರದ ಅರ್ಜಿ’ ಎಂದು ಕೇಳಿದ್ದಾರೆ ಎನ್ನಿ. ನಾಲ್ಕಕ್ಕೂ ಒಂದೇ ಉತ್ತರ ಹೊಂದುವುದಿಲ್ಲ. ಒಂದೊಂದಕ್ಕೂ ಪ್ರತ್ಯೇಕ ಸಾಲು ಹಾಕಿ: ಯಾರ ಬಳಿ ಇದೆ, ಎಷ್ಟು ಪುಟ, ಯಾರು ಕೊಟ್ಟದ್ದು, ಯಾರ ಹೆಸರುಗಳಿವೆ. ಯಾಕೆ ಬೇಕು ಎಂದು ಅರ್ಜಿದಾರರನ್ನು ಕೇಳುವಂತಿಲ್ಲ, ಫೋನಿನಲ್ಲಿ ಮೆಲ್ಲಗೆ ಕೂಡ. ದಾಖಲೆ ಪ್ರಾದೇಶಿಕ ಕಚೇರಿಯಲ್ಲಿದ್ದರೆ ಕಲಂ 5(4) ನಮೂದಿಸಿ, ತಾರೀಖು ಹಾಕಿ ನೆರವು ಕೋರಿ ಪತ್ರ ಬರೆಯಿರಿ. ಹಾಗೆ ನೆರವು ಕೇಳಿಸಿಕೊಂಡ ಅಧಿಕಾರಿಯನ್ನು 5(5)ರ ಪ್ರಕಾರ ಮಾಹಿತಿ ಅಧಿಕಾರಿಯೆಂದೇ ಪರಿಗಣಿಸಲಾಗುತ್ತದೆ. ಬಾಯಿಮಾತಿನಲ್ಲಿ ಕೇಳಿದರೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿವರೆಗಿನ ದಂಡದ ಮಾತು ಬಂದಾಗ ನಿಮ್ಮ ಕೈಯಲ್ಲಿ ಕಾಗದವೇ ಇರುವುದಿಲ್ಲ.

ಮೂರನೇ ವ್ಯಕ್ತಿಯ ನೋಟಿಸಿನಲ್ಲೇ ಹೆಚ್ಚು ಎಡವಟ್ಟು. ಕಡತದಲ್ಲಿ ಹೆಸರಿರುವವರಿಗೆಲ್ಲ ನೋಟಿಸ್ ಕೊಡಬೇಕಿಲ್ಲ. ಮಾಹಿತಿ ಆ ವ್ಯಕ್ತಿಗೆ ಸಂಬಂಧಿಸಿರಬೇಕು ಅಥವಾ ಅವರೇ ಕೊಟ್ಟಿರಬೇಕು, ಅವರು ಅದನ್ನು ಗೋಪ್ಯವೆಂದು ಪರಿಗಣಿಸಿರಬೇಕು, ನೀವು ಅದನ್ನು ಕೊಡುವ ಉದ್ದೇಶ ಹೊಂದಿರಬೇಕು. ನಿಮ್ಮ ಎಂಜಿನಿಯರ್ ಬರೆದ ತಪಾಸಣಾ ವರದಿ, ನಿಮ್ಮ ಪ್ರಯೋಗಾಲಯದ ನೀರಿನ ಮಾದರಿ ಫಲಿತಾಂಶ, ನೀವೇ ಕಳಿಸಿದ ನೋಟಿಸ್ ಸಾಮಾನ್ಯವಾಗಿ ಇದರಲ್ಲಿ ಬರುವುದಿಲ್ಲ. ಸಮ್ಮತಿ ಅರ್ಜಿಯೊಳಗಿನ ಉತ್ಪಾದನಾ ವಿಧಾನ, ಕಚ್ಚಾವಸ್ತುವಿನ ಪ್ರಮಾಣ ಬರಬಹುದು. ನೋಟಿಸಿನ ಜೊತೆ ಆ ಪುಟಗಳ ಪ್ರತಿ ಇಟ್ಟು, ಕೈಸೇರಿದ ಹತ್ತು ದಿನದೊಳಗೆ ಯಾವ ಸಾಲಿಗೆ ಯಾಕೆ ಆಕ್ಷೇಪ ಎಂದು ತಿಳಿಸಲು ಹೇಳಿ. ಅರ್ಜಿದಾರರ ಹೆಸರು, ವಿಳಾಸ, ಮೊಬೈಲ್ ಸಂಖ್ಯೆಯನ್ನು ಕಂಪನಿಗೆ ಕಳಿಸಬೇಡಿ. ಕೋರಿಕೆ ಏನೆಂದು ತಿಳಿಸಿದರೆ ಸಾಕು. ಮಾಹಿತಿ ಕೇಳಿದವರ ಮೇಲೆ ಹಲ್ಲೆ, ಕೊಲೆಗಳೇ ನಡೆದಿರುವ ದೇಶ ಇದು.

ಆಕ್ಷೇಪ ಬಂದ ಮಾತ್ರಕ್ಕೆ ‘ಮೂರನೇ ವ್ಯಕ್ತಿ ಒಪ್ಪಿಲ್ಲ’ ಎಂದು ಹಿಂಬರಹ ಕೊಟ್ಟು ಕೈತೊಳೆದುಕೊಳ್ಳುವವರೇ ಹೆಚ್ಚು. ಕಾಯ್ದೆ ಕಂಪನಿಗೆ ಕೊಟ್ಟಿರುವುದು ಅಹವಾಲು ಹೇಳುವ ಅವಕಾಶ, ತಡೆಯುವ ಅಧಿಕಾರವಲ್ಲ. ತೀರ್ಮಾನ ನಿಮ್ಮದು, ಅದೂ ಅರ್ಜಿ ಬಂದ 40 ದಿನದೊಳಗೆ. ಕೊಡಲು ತೀರ್ಮಾನಿಸಿದರೆ ಅದನ್ನು ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ, ಮೇಲ್ಮನವಿಯ ಹಕ್ಕನ್ನು ನಮೂದಿಸಿ. ಮೇಲ್ಮನವಿಗೆ ಇರುವ 30 ದಿನ ಮುಗಿಯುವ ಮೊದಲೇ ಕಾಗದ ಹೊರಗೆ ಹೋದರೆ ಅವರ ಮೇಲ್ಮನವಿಗೆ ಅರ್ಥ ಉಳಿಯುವುದಿಲ್ಲ.

ಇನ್ನು ಮಾಹಿತಿ ಕೊಡದಿರಲು ಕಲಂ 8 ಹೇಳುವ ವಿನಾಯಿತಿಗಳು. ‘ಕಂಪನಿ ನಂಬಿಕೆಯಿಂದ ಕೊಟ್ಟದ್ದು’ ಎಂದು 8(1)(ಇ) ಹಾಕುವ ಅಭ್ಯಾಸ ನಿಯಂತ್ರಕರಲ್ಲಿ ಬೇರೂರಿದೆ. ರಿಸರ್ವ್ ಬ್ಯಾಂಕಿಗೂ ಜಯಂತಿಲಾಲ್ ಮಿಸ್ತ್ರಿ ಅವರಿಗೂ ನಡೆದ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು: ಬ್ಯಾಂಕುಗಳು ಕಾನೂನಿನ ಕಟ್ಟುಪಾಡಿನಿಂದ ಕೊಡುವ ಮಾಹಿತಿ ನಂಬಿಕೆಯ ಸಂಬಂಧದ್ದಲ್ಲ. ‘ತನಿಖೆ ನಡೆಯುತ್ತಿದೆ’ ಎಂಬ ಒಂದೇ ವಾಕ್ಯದ 8(1)(ಎಚ್) ಕೂಡ ನಿಲ್ಲದು. ಈ ಪುಟ ಹೊರಬಂದರೆ ತನಿಖೆಗೆ ಅಡ್ಡಿ ಹೇಗೆ ಎಂದು ಬರೆಯಲೇಬೇಕೆಂದು ದೆಹಲಿ ಹೈಕೋರ್ಟ್ 2007ರಲ್ಲೇ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಈಗ ಹೊಸದಾಗಿ ತಲೆಕೆಡಿಸುವುದು ವೈಯಕ್ತಿಕ ಮಾಹಿತಿಯ ವಿನಾಯಿತಿಯಾದ 8(1)(ಜೆ). ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಕಲಂ 44(3) ಇದರ ಪಠ್ಯವನ್ನು ಮೊಟಕುಗೊಳಿಸಿತು. 2025ರ ನವೆಂಬರಿನಿಂದ ಅದು ಜಾರಿಯಲ್ಲಿದೆ. ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿದೆಯೇ, ಖಾಸಗಿತನದ ಮೇಲೆ ಅನಗತ್ಯ ಅತಿಕ್ರಮಣವೇ ಎಂಬ ಹಳೆಯ ಪರೀಕ್ಷೆಗಳು ಹೋಗಿ, ‘ವೈಯಕ್ತಿಕ ಮಾಹಿತಿ’ ಎಂಬಷ್ಟೇ ಉಳಿದಿದೆ. ಹಾಗೆಂದು ಹೆಸರು ಕಂಡ ಪುಟವನ್ನೆಲ್ಲ ತಡೆಹಿಡಿಯುವುದು ತಪ್ಪು. ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದೆನ್ನುವ 8(2) ಹಾಗೇ ಇದೆ, ಭಾಗಶಃ ಕೊಡಿ ಎನ್ನುವ ಕಲಂ 10 ಕೂಡ ಇದೆ. 8(2) ಅಧಿಕಾರ ಕೊಡುವುದು ‘ಸಾರ್ವಜನಿಕ ಪ್ರಾಧಿಕಾರ’ಕ್ಕೆ. ಹಾಗಾಗಿ ಆ ತೂಗುವಿಕೆಯನ್ನು ಯಾರು ಮಾಡಬೇಕೆಂದು ಸಂಸ್ಥೆಯ ಮುಖ್ಯಸ್ಥರಿಂದ ಲಿಖಿತ ಆದೇಶ ಮೊದಲೇ ಪಡೆದಿಟ್ಟುಕೊಳ್ಳಿ. ದೂರುದಾರರ ಹೆಸರು, ಸಹಿ, ಆಧಾರ್, ಫೋನ್, ಕಾರ್ಮಿಕರ ಆರೋಗ್ಯ ವಿವರ ಮುಚ್ಚಿ. ದೂರು ಕೊಟ್ಟವರ ಜೀವಕ್ಕೆ ಅಪಾಯವಿದ್ದರೆ ಜೊತೆಗೆ 8(1)(ಜಿ) ಹಾಕಿ. ತಪಾಸಣೆ ಮಾಡಿದ ಅಧಿಕಾರಿಯ ಹೆಸರು, ಹುದ್ದೆ ಮುಚ್ಚುವುದು ಮಾತ್ರ ಅತಿಯಾಯಿತು; ಅದು ಕರ್ತವ್ಯದ ದಾಖಲೆ.

ಮುಚ್ಚುವ ವಿಧಾನದಲ್ಲೂ ಗುಟ್ಟು ಸೋರುತ್ತದೆ. ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದರೆ ಕೆಳಗಿನ ಅಕ್ಷರ ಹಾಗೇ ಇರುತ್ತದೆ; ಕಾಪಿ ಮಾಡಿ ಬೇರೆಡೆ ಹಾಕಿದರೆ ಓದಲು ಬರುತ್ತದೆ. ಮಾರ್ಕರ್ ಬಳಿದ ಹಾಳೆಯನ್ನು ಬೆಳಕಿಗೆ ಹಿಡಿದರೂ ಅಷ್ಟೇ. ಸುಲಭ ದಾರಿ: ಮುದ್ರಿಸಿ, ಕಪ್ಪು ಬಳಿದು, ಅದರ ಜೆರಾಕ್ಸ್ ತೆಗೆದು, ಆ ಜೆರಾಕ್ಸನ್ನೇ ಸ್ಕ್ಯಾನ್ ಮಾಡಿ. ಎಕ್ಸೆಲ್ ಕಡತವನ್ನು ಹಾಗೇ ಕಳಿಸಬೇಡಿ, ಅಡಗಿಸಿದ ಕಾಲಂ ಒಂದು ಕ್ಲಿಕ್ಕಿಗೆ ತೆರೆದುಕೊಳ್ಳುತ್ತದೆ. ಕಡತದ ಹೆಸರಿನಲ್ಲೇ ದೂರುದಾರರ ಹೆಸರಿದೆಯೇ, ಟಿಪ್ಪಣಿ ಹಾಳೆಯಲ್ಲಿ ‘ಮೇಲಿನ ಬೀದಿಯ ನಿವೃತ್ತ ಶಿಕ್ಷಕರ ದೂರು’ ಎಂದಿದೆಯೇ ನೋಡಿ. ಹೆಸರಿಲ್ಲದಿದ್ದರೂ ಊರಿನವರಿಗೆ ಅಷ್ಟು ಸಾಕು.

ಪುಟ ಎಣಿಸುವುದು ಇದೆಲ್ಲ ಆದಮೇಲೆ. ಪುಟಕ್ಕೆ 2 ರೂಪಾಯಿಯಂತೆ ಲೆಕ್ಕ ತೋರಿಸಿ ಶುಲ್ಕದ ಪತ್ರ ಕಳಿಸಿ. ಪತ್ರ ಹೊರಟ ದಿನದಿಂದ ಹಣ ಕಟ್ಟುವ ದಿನದವರೆಗಿನ ಅವಧಿ ಗಡುವಿನಿಂದ ಬಿಟ್ಟುಹೋಗುತ್ತದೆ. ಗಡುವು ಮೀರಿದರೆ ಮಾಹಿತಿ ಉಚಿತ. ನಿರಾಕರಿಸಿದ ಭಾಗಕ್ಕೆ ಕಲಂ, ಕಾರಣ, ಪ್ರಥಮ ಮೇಲ್ಮನವಿ ಪ್ರಾಧಿಕಾರದ ಹುದ್ದೆ ಮತ್ತು ವಿಳಾಸ, 30 ದಿನದ ಅವಧಿ, ಇಷ್ಟೂ ಉತ್ತರದಲ್ಲಿರಬೇಕು. ಕಲಂ 10ರಡಿ ಭಾಗಶಃ ಕೊಟ್ಟಿದ್ದರೆ ತೀರ್ಮಾನ ಮಾಡಿದವರ ಹೆಸರು, ಹುದ್ದೆಯೂ ಬೇಕು.

ಮುಚ್ಚದ ಪ್ರತಿ, ಮುಚ್ಚಿದ ಪ್ರತಿ, ಯಾವ ಸಾಲಿಗೆ ಯಾವ ಕಲಂ ಎಂಬ ಪಟ್ಟಿ, ಮೂರನ್ನೂ ಒಂದೇ ಕಡತದಲ್ಲಿ ಇಡಿ. ನಿರಾಕರಣೆ ಸರಿ ಎಂದು ತೋರಿಸುವ ಹೊಣೆ 19(5)ರಂತೆ ನಿಮ್ಮದೇ, ಮತ್ತು ಮಾಹಿತಿ ಆಯೋಗ ಮೂಲ ದಾಖಲೆಯನ್ನೇ ತರಿಸಿ ನೋಡಬಹುದು.