ಮೈಮೇಲೆ ಬೀಳುವ ಎಳೆ ಹುಂಜವನ್ನು ದಾರಿಗೆ ತರುವುದು ಹೇಗೆ?

ಮರಿಯಾಗಿದ್ದಾಗ ತೊಡೆ ಮೇಲೆ ಕೂತು ಕಾಳು ತಿಂದ ಹುಂಜ 4–5 ತಿಂಗಳು ತುಂಬುವಷ್ಟರಲ್ಲಿ ಕಾಲಿಗೆ ಹಾರಿ ಬರುತ್ತದೆ. ಮನೆಯಲ್ಲಿ ಒಬ್ಬರು ಪೊರಕೆ ಬೀಸುತ್ತಾರೆ, ಇನ್ನೊಬ್ಬರು ಓಡುತ್ತಾರೆ. ಅದು ಇನ್ನೂ ಜೋರಾಗುತ್ತದೆ. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ನೋಡಿದಾಗಲೆಲ್ಲ ಹುಂಜದ ಮೇಲೂ ಮರುಕವಾಗುತ್ತದೆ. ಅದು ಪ್ರಾಯಕ್ಕೆ ಬಂದಿದೆ, ಹೇಂಟೆಗಳನ್ನು ಕಾಯಲು ಶುರು ಮಾಡಿದೆ. ಮನುಷ್ಯರ ಕೈಯಲ್ಲೇ ಬೆಳೆದದ್ದಕ್ಕೆ ಹೆದರಿಕೆ ಕಡಿಮೆ. ಹಾಗಾಗಿ ನಿಮ್ಮನ್ನೂ ಎದುರಾಳಿ ಹುಂಜ ಅಂದುಕೊಳ್ಳುತ್ತದೆ.

ಮೊದಲು ದಪ್ಪ ಪ್ಯಾಂಟು, ಗಟ್ಟಿ ಬೂಟು ಹಾಕಿಕೊಳ್ಳಿ. ಚಿಕ್ಕ ಮಕ್ಕಳನ್ನು ದೂರ ಇಡಿ, ಯಾಕೆಂದರೆ ಅವರ ಕಣ್ಣು ಹುಂಜ ಹಾರುವ ಎತ್ತರದಲ್ಲೇ ಇರುತ್ತದೆ.

ಆಮೇಲೆ ಸೂಚನೆ ಗಮನಿಸಿ. ಒಂದು ರೆಕ್ಕೆ ಇಳಿಬಿಟ್ಟು ಪಕ್ಕಕ್ಕೆ ಸರಿಯುತ್ತಾ ಕುಣಿಯುವುದು, ಕತ್ತಿನ ಗರಿ ಕೆದರುವುದು, ತಲೆ ತಗ್ಗಿಸಿ ದಿಟ್ಟಿಸುವುದು. ಜಿಗಿತ ಇದರ ಹಿಂದೆಯೇ ಬರುತ್ತದೆ.

ಬಂದಾಗ ಒದೆಯಬೇಡಿ, ಹಿಂದೆಯೂ ಸರಿಯಬೇಡಿ. ಒದ್ದರೆ ಜಗಳಕ್ಕೆ ಒಪ್ಪಿದಿರಿ ಅಂತ, ಓಡಿದರೆ ತಾನು ಗೆದ್ದೆ ಅಂತ ಅದರ ಲೆಕ್ಕ. ಸುಮ್ನೆ ನಿಲ್ಲಿ. ನಂತರ ನಿಧಾನವಾಗಿ ಅದರ ಕಡೆ ಎರಡು ಹೆಜ್ಜೆ ಇಡಿ. ಅದು ಮುಖ ತಿರುಗಿಸಿ ದಾರಿ ಬಿಟ್ಟರೆ ನೀವೂ ನಿಂತುಬಿಡಿ. ಅಟ್ಟಿಸಿಕೊಂಡು ಹೋದರೆ ಮತ್ತೆ ತಿರುಗಿ ಬೀಳುತ್ತದೆ.

ದಾರಿ ಬಿಡದಿದ್ದರೆ ಎತ್ತಿಕೊಳ್ಳಬೇಕು. ಜಾಸ್ತಿ ಜನ ಎಡವುವುದು ಇಲ್ಲೇ. ಎರಡೂ ಕೈಯಿಂದ ರೆಕ್ಕೆಗಳನ್ನು ಮೈಗೆ ಒತ್ತಿ ಹಿಡಿಯಿರಿ. ಎತ್ತಿ ಕಂಕುಳಲ್ಲಿ ಇಟ್ಟುಕೊಳ್ಳಿ, ತಲೆ ನಿಮ್ಮ ಬೆನ್ನಿನ ಕಡೆ ಇರಲಿ. ಆಗ ಮುಖಕ್ಕೆ ಕುಕ್ಕುವುದು ತಪ್ಪುತ್ತದೆ. ಇನ್ನೊಂದು ಕೈಯಲ್ಲಿ ಎರಡೂ ಕಾಲು ಹಿಡಿದುಕೊಳ್ಳಿ, ನಡುವೆ ಒಂದು ಬೆರಳು ಇರಲಿ. ಎದೆ ಮಾತ್ರ ಬಿಗಿಯಾಗಿ ಅಮುಕಬೇಡಿ. ಕೋಳಿ ಉಸಿರಾಡಬೇಕಾದರೆ ಎದೆಮೂಳೆ ಆಡಬೇಕು, ಅಮುಕಿದರೆ ಉಸಿರು ಕಟ್ಟುತ್ತದೆ. ಕಾಲು ಹಿಡಿದು ತಲೆಕೆಳಗಾಗಿ ನೇತಾಡಿಸುವುದನ್ನು ನಾನು ಒಪ್ಪುವುದೇ ಇಲ್ಲ. ಹೊಟ್ಟೆಯ ಭಾರವೆಲ್ಲ ಕೋಳಿಯ ಉಸಿರಾಟಕ್ಕೆ ಬೇಕಾದ ಗಾಳಿಚೀಲಗಳ ಮೇಲೆ ಬೀಳುತ್ತದೆ. ಅದು ಸುಮ್ಮನಾಗುವುದು ಪಾಠ ಕಲಿತದ್ದರಿಂದ ಅಲ್ಲ, ಸಂಕಟದಿಂದ.

ಹೀಗೆ ಎತ್ತಿಕೊಂಡು ಹೇಂಟೆಗಳ ನಡುವೆ ಓಡಾಡಿ, ನಿಮ್ಮ ಕೆಲಸ ಮಾಡಿಕೊಳ್ಳಿ. 10 ನಿಮಿಷ ಹಿಡಿಯಬಹುದು, 20 ಕೂಡ ಆಗಬಹುದು. ಒದ್ದಾಡುವಾಗ ಕೆಳಗೆ ಬಿಟ್ಟಿರೋ, ಮಾಡಿದ್ದೆಲ್ಲ ಹಾಳು. ಒದ್ದಾಡಿದರೆ ಬಿಡುತ್ತಾರೆ ಅಂತ ಅದು ಕಲಿಯುತ್ತದೆ. ಮೈ ಸಡಿಲವಾಗಲಿ, ಉಸಿರು ಹದಕ್ಕೆ ಬರಲಿ. ಬಗ್ಗಿ ನೆಲಕ್ಕೆ ಕಾಲು ತಾಗಿಸಿ, ಅಲ್ಲೇ ಒಂದು ಕ್ಷಣ ಹಿಡಿದು ಬಿಡಿ. ತಿರುಗಿ ಬಿದ್ದರೆ ಮತ್ತೆ ಎತ್ತಿಕೊಳ್ಳಿ. ಬೇಸರ ಮಾಡಿಕೊಳ್ಳಬೇಡಿ, ಮೊದಲ ದಿನ ನಾಲ್ಕೈದು ಸಲ ಆಗುವುದುಂಟು.

ಇದನ್ನು ದಿನವೂ ಮಾಡಿ, ಮನೆಯವರೆಲ್ಲ ಒಂದೇ ರೀತಿ ನಡೆದುಕೊಳ್ಳಿ. ಅದರ ಕಣ್ಣೆದುರು ಹೇಂಟೆ ಹಿಡಿಯಬೇಡಿ. ಹಿಡಿಯಲೇಬೇಕಾದರೆ ರಾತ್ರಿ, ಅವು ಕೂತು ನಿದ್ದೆ ಮಾಡುವಾಗ. ಒಂದು ಹುಂಜಕ್ಕೆ 8–10 ಹೇಂಟೆ ಇದ್ದರೆ ಒಳ್ಳೆಯದು.

ಕೊಕ್ಕಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕನ್ನಡಕ ಕೊಳ್ಳಬೇಡಿ. ಮುಂದೆ ಕಾಣದಂತೆ ಮಾಡುತ್ತದೆ, ಗುಣ ಬದಲಿಸುವುದಿಲ್ಲ. ಕಾಲಿನ ಮುಳ್ಳನ್ನು ಬುಡದಿಂದ ಕತ್ತರಿಸುವುದಂತೂ ಬೇಡವೇ ಬೇಡ. ಒಳಗೆ ಮೂಳೆ, ರಕ್ತ ಎರಡೂ ಇವೆ. ತುದಿಯನ್ನಷ್ಟೇ ಅರದಿಂದ ಉಜ್ಜಿ ಮೊಂಡು ಮಾಡಿ. ಮುಳ್ಳು ಚುಚ್ಚಿದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಡಾಕ್ಟರ ಹತ್ತಿರ ಹೋಗಿ. ಗಾಯ ಚಿಕ್ಕದಾಗಿ ಕಂಡರೂ ಆಳ ಇರುತ್ತದೆ, ಟಿಟಿ ಇಂಜೆಕ್ಷನ್ ಬೇಕಾಗಬಹುದು.

ತಿಂಗಳು ಬಿಡದೆ ಮಾಡಿಯೂ ಬಗ್ಗದಿದ್ದರೆ ಬೇರೆ ಗೂಡಿಗೆ ಹಾಕಿ. ಅದರಿಂದ ಮರಿ ಮಾಡಿಸಬೇಡಿ, ಈ ಸ್ವಭಾವ ಸ್ವಲ್ಪ ಮಟ್ಟಿಗೆ ಮರಿಗಳಿಗೂ ಇಳಿಯುತ್ತದೆ. ಬೇರೆ ಮಾಡಿದ ಮೇಲೂ 3–4 ವಾರ ಮೊಟ್ಟೆಗಳನ್ನು ಕಾವಿಗೆ ಇಡದೆ ಕಾಯಿರಿ. ಅಷ್ಟು ದಿನ ಅದರ ವೀರ್ಯ ಹೇಂಟೆಯ ಮೈಯಲ್ಲಿ ಉಳಿದಿರಬಹುದು.