ಗುಂಡಿ ಒತ್ತುವ ಮೊದಲು, ಬಿಟ್ಟ ಮೇಲೆ

ಇಪ್ಪತ್ತಾರು ವರ್ಷ ವಿಮಾನ ಸಂಚಾರ ನಿಯಂತ್ರಕನಾಗಿ ಹೆಡ್‌ಸೆಟ್ ತೊಟ್ಟು ಕೂತವನು ನಾನು. ಈಗ ಪೈಲಟ್ ತರಬೇತಿಗೆ ಬರುವ ಮಕ್ಕಳಿಗೆ ರೇಡಿಯೊದಲ್ಲಿ ಮಾತನಾಡುವುದನ್ನು ಕಲಿಸುತ್ತೇನೆ. ಮೊದಲ ದಿನ ಬೋರ್ಡಿನ ಮೇಲೆ ಬರೆಯುವುದು ಒಂದೇ ಸಂಖ್ಯೆ: 2400.

1989ರ ಫೆಬ್ರುವರಿ 19ರಂದು ಫ್ಲೈಯಿಂಗ್ ಟೈಗರ್ ಸಂಸ್ಥೆಯ ಸರಕು ವಿಮಾನವೊಂದು ಕ್ವಾಲಾಲಂಪುರದಲ್ಲಿ ಇಳಿಯಲು ಬರುತ್ತಿತ್ತು. 2400 ಅಡಿಗೆ ಇಳಿಸಲು ನಿಯಂತ್ರಕರು ‘ಡಿಸೆಂಡ್ ಟೂ ಫೋರ್ ಝೀರೊ ಝೀರೊ’ ಎಂದರು. ‘ಎರಡು’ ಎಂಬ ‘ಟೂ’ ಪೈಲಟ್ ಕಿವಿಗೆ ‘ಅಲ್ಲಿಯವರೆಗೆ’ ಎಂಬ ‘ಟು’ ಆಗಿ ಬಿತ್ತು. ‘ಓಕೆ, ಫೋರ್ ಝೀರೊ ಝೀರೊ’ ಎಂಬ ಉತ್ತರ ಬಂತು. ಯಾರೂ ತಿದ್ದಲಿಲ್ಲ. 400 ಅಡಿಯೆಂದು ನಂಬಿ ಇಳಿದ ವಿಮಾನ ಗುಡ್ಡಕ್ಕೆ ಬಡಿದು ಅದರಲ್ಲಿದ್ದ ನಾಲ್ವರೂ ತೀರಿಕೊಂಡರು. ‘ಟೂ ಥೌಸಂಡ್ ಫೋರ್ ಹಂಡ್ರೆಡ್ ಫೀಟ್’ ಎಂದಿದ್ದರೆ ಆ ಗೊಂದಲಕ್ಕೆ ಜಾಗವೇ ಇರುತ್ತಿರಲಿಲ್ಲ.

ಆದ್ದರಿಂದ ಎತ್ತರವನ್ನು ಹೇಳುವಾಗ ಸಾವಿರ, ನೂರು, ಅಡಿ ಎಲ್ಲವನ್ನೂ ಬಾಯಿಬಿಟ್ಟು ಹೇಳಿ. ದಿಕ್ಕನ್ನೂ, ರೇಡಾರ್‌ಗೆ ನಿಮ್ಮ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್ ಉಪಕರಣದ ಸಂಕೇತವನ್ನೂ ಒಂದೊಂದೇ ಅಂಕಿಯಾಗಿ ಹೇಳಿ. ಮೊಬೈಲ್ ನಂಬರ್ ಕೊಡುವಾಗ ‘ಡಬಲ್ ಫೈವ್’ ಎನ್ನುವ ನಮ್ಮ ಅಭ್ಯಾಸವನ್ನು ವಿಮಾನ ಹತ್ತುವ ಮೊದಲೇ ಬಿಟ್ಟುಬಿಡಿ. ಗದ್ದಲದಲ್ಲಿ ಐದು, ಒಂಬತ್ತು ಒಂದೇ ತೆರನಾಗಿ ಕೇಳಿಸುವುದರಿಂದಲೇ ‘ಫೈಫ್’, ‘ನೈನರ್’ ಎಂಬ ಉಚ್ಚಾರಣೆಗಳಿವೆ. ನಾಚಿಕೆ ಬೇಡ, ಹಾಗೆಯೇ ಹೇಳಿ.

ಮಾತು ಕಳಿಸುವ ರೇಡಿಯೊ ಗುಂಡಿ ಒತ್ತುವ ಮೊದಲು ಬೇರೆ ಯಾರಾದರೂ ಮಾತನಾಡುತ್ತಿದ್ದಾರೆಯೇ ಕೇಳಿಸಿಕೊಳ್ಳಿ. ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳಿ. ಒತ್ತಿ, ಅರೆಕ್ಷಣ ಬಿಟ್ಟು ಮಾತನಾಡಿ; ಇಲ್ಲವಾದರೆ ಮೊದಲ ಪದ, ಅಂದರೆ ಹೆಚ್ಚಾಗಿ ಕರೆಸಂಕೇತವೇ (ರೇಡಿಯೊದಲ್ಲಿ ಕರೆಯುವ ಗುರುತಿನ ಹೆಸರು), ತುಂಡಾಗುತ್ತದೆ. ಬಂದ ಸೂಚನೆಯನ್ನು ತೊಡೆಯ ಮೇಲಿನ ಹಲಗೆಯಲ್ಲಿ ಬರೆದುಕೊಂಡು, ಬರೆದದ್ದನ್ನೇ ಓದಿ ಹೇಳಿ, ಕೊನೆಗೆ ನಿಮ್ಮ ಕರೆಸಂಕೇತ ಸೇರಿಸಿ. ರನ್‌ವೇ, ಎತ್ತರ, ದಿಕ್ಕು, ವೇಗ, ಎತ್ತರಮಾಪಕಕ್ಕೆ ಹೊಂದಿಸುವ ಗಾಳಿಯ ಒತ್ತಡದ ಅಂಕಿ ಬಂದಾಗ ಬರೀ ‘ರೋಜರ್’ ಸಾಲದು. ‘ರೋಜರ್’ ಎಂದರೆ ಕೇಳಿಸಿತು ಎಂದಷ್ಟೇ. ಏನು ಕೇಳಿಸಿತು ಎಂಬುದು ಅದರಲ್ಲಿಲ್ಲ.

ಪೈಲಟ್ ಹೀಗೆ ತಿರುಗಿ ಹೇಳುವ ಮರುನುಡಿಯನ್ನು ಕೇಳಿಸಿಕೊಳ್ಳುವುದು ನಿಯಂತ್ರಕರ ಪಾಲಿನ ಕೆಲಸ. ಅದರಲ್ಲಿ ನಾನೂ ತಪ್ಪಿದ್ದೇನೆ. ಒಂದು ಸಂಜೆ ಒಂದು ವಿಮಾನಕ್ಕೆ 7000 ಅಡಿಗೆ ಏರಲು ಹೇಳಿದೆ. ಪೈಲಟ್ 9000 ಎಂದು ಮರುನುಡಿದರು. ನಾನು ಆಗಲೇ ಮುಂದಿನ ವಿಮಾನದ ಸ್ಟ್ರಿಪ್ (ವಿವರ ಬರೆದಿಡುವ ಕಾಗದದ ಪಟ್ಟಿ) ಮೇಲೆ ಬರೆಯುತ್ತಿದ್ದೆ. ಕಿವಿ ನಾನು ಹೇಳಿದ್ದನ್ನೇ ಕೇಳಿಸಿಕೊಂಡಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ನನ್ನ ತೋಳು ಹಿಡಿದು ಅಲುಗಿಸಿದರು. 8000 ಅಡಿಯಲ್ಲಿ ಇನ್ನೊಂದು ವಿಮಾನ ಎದುರಿನಿಂದ ಬರುತ್ತಿತ್ತು. ಅಂದಿನಿಂದ ಮರುನುಡಿ ಮುಗಿಯುವ ತನಕ ನನ್ನ ಪೆನ್ನು ಕಾಗದ ಮುಟ್ಟಲಿಲ್ಲ.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ: ದೊಡ್ಡವರನ್ನು ಎರಡನೆಯ ಸಲ ಕೇಳಲು ಸಂಕೋಚ. ಅರ್ಧ ಕೇಳಿಸಿದ್ದನ್ನು ಊಹೆಯಿಂದ ತುಂಬಿಕೊಳ್ಳುತ್ತಾರೆ. ‘ಸೇ ಅಗೇನ್’ ಎಂದಾಗ ಯಾವ ನಿಯಂತ್ರಕರೂ ನಿಮ್ಮನ್ನು ಕೀಳಾಗಿ ಕಾಣುವುದಿಲ್ಲ. ಒಂದು ವೇಳೆ ಕಂಡರೂ ಕೇಳಿ.

ಇಬ್ಬರು ಒಟ್ಟಿಗೆ ಗುಂಡಿ ಒತ್ತಿದಾಗ ಬರುವ ಕೀರಲು ಸದ್ದನ್ನಂತೂ ಎಂದೂ ಕಡೆಗಣಿಸಬೇಡಿ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫೆ ದ್ವೀಪದ ನಿಲ್ದಾಣದಲ್ಲಿ, ಮಂಜಿನ ನಡುವೆ ಕೆಎಲ್‌ಎಂ ಸಂಸ್ಥೆಯ ವಿಮಾನ ಅನುಮತಿ ಇಲ್ಲದೆಯೇ ಮೇಲೇರಲು ಓಡತೊಡಗಿತ್ತು. ‘ಕಾಯಿರಿ’ ಎಂದ ನಿಯಂತ್ರಕರ ಮಾತೂ, ತಾವಿನ್ನೂ ಅದೇ ರನ್‌ವೇ ಮೇಲಿದ್ದೇವೆ ಎಂದ ಪ್ಯಾನ್ ಆ್ಯಮ್ ಸಂಸ್ಥೆಯ ವಿಮಾನದ ಪೈಲಟ್ ಮಾತೂ ಒಂದರ ಮೇಲೊಂದು ಬಿದ್ದು ಆ ಸದ್ದಾಯಿತು. ಎರಡೂ ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಅಂದು ಗೊಂದಲಕ್ಕೆ ಕಾರಣವಾದ ‘ಟೇಕ್ ಆಫ್’ (ಮೇಲೇರುವುದು) ಪದವನ್ನು ಇಂದು ಆ ಅನುಮತಿ ಕೊಡಲು ಅಥವಾ ರದ್ದುಪಡಿಸಲು ಮಾತ್ರ ಮೀಸಲಿಟ್ಟಿದ್ದೇವೆ; ಮಿಕ್ಕ ಕಡೆ ‘ಡಿಪಾರ್ಚರ್’. ಹಾಗಾಗಿ ಕೀರಲು ಸದ್ದು ಕೇಳಿದರೆ ‘ಬ್ಲಾಕ್ಡ್’ (ಮಾತು ಕೇಳದಂತೆ ತಡೆಯಾಯಿತು) ಎನ್ನಿ. ರನ್‌ವೇಯ ಹೊರಗಿದ್ದರೆ ನಿಂತಲ್ಲೇ ನಿಂತು, ಮತ್ತೆ ಕೇಳಿ ತಿಳಿದುಕೊಂಡ ಮೇಲೆಯೇ ಚಕ್ರ ಉರುಳಿಸಿ.